ತೂಕಕ್ಕೆ ಹಾಕಿದ ವೀರಭದ್ರ

ಗೆಳೆಯನ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಟೀವಿ ಪಕ್ಕ ಗೇಣುದ್ದದ ಕಂಚಿನ ಹರ್ಕ್ಯುಲಿಸ್ ಸಿಂಹದ ಕತ್ತು ಹಿಚುಕುತ್ತಾ ನಿಂತಿದ್ದ. ‘ಬರೋಕ್ ಕಣೋ, ಇಟಲಿಯದರ ಕಾಪಿ’ ಅಂತ ಅವನು ಹತ್ತು ನಿಮಿಷ ವಿವರಿಸಿದ. ಎಲ್ಲರೂ ‘ವಾವ್’ ಅಂದ್ವಿ. ನಾನೂ ಅಂದೆ.

ಹರ್ಕ್ಯುಲಿಸ್ ಮೇಲೆ ನನಗೇನೂ ಸಿಟ್ಟಿಲ್ಲ. 17-18ನೇ ಶತಮಾನದ ಫ್ಲಾರೆನ್ಸಿನಲ್ಲಿ ಫೊಜ್ಜಿನಿ, ಸೊಲ್ದಾನಿಯಂಥವರು ಗ್ರೀಕ್-ರೋಮನ್ ಪುರಾಣವನ್ನು ಕೈಯಲ್ಲಿ ಹಿಡಿಯುವಷ್ಟು ಕಂಚಿಗೆ ಇಳಿಸಿದರು. ದೊಡ್ಡ ಕೆಲಸವೇ. ಆದರೆ ಅದೇ ಕಾಲದಲ್ಲಿ ನಮ್ಮ ಕಡೆಯ ಎರಕದವರು ಏನು ಮಾಡ್ತಿದ್ರು ಗೊತ್ತಾ? ಒಂದು ಗೇಣು ಫಲಕದಲ್ಲಿ ಇಡೀ ದಕ್ಷಯಜ್ಞ ಕೂರಿಸ್ತಿದ್ರು. ನಡುವೆ ಖಡ್ಗ ಹಿಡಿದ ವೀರಭದ್ರ, ಒಂದು ಪಕ್ಕ ದೇವಿ, ಇನ್ನೊಂದು ಪಕ್ಕ ಟಗರಿನ ತಲೆ ಹೊತ್ತು ಕೈಮುಗಿದ ದಕ್ಷ. ಅಹಂಕಾರ, ಸಿಟ್ಟು, ಕ್ಷಮೆ ಮೂರೂ ಅಷ್ಟರಲ್ಲೇ. ಇಂಥ ಫಲಕಗಳು ಇವತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ.

ಒಂದು ಗೋವಿನಕೋವಿಯ ನಮ್ಮ ಮನೆಯಲ್ಲೂ ಇತ್ತು. ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ವೀರಭದ್ರನ ಮೂಗೇ ಸವೆದಿತ್ತು. ಅಜ್ಜಿ ಹೋದ ವರ್ಷ ಹಳೇ ಹಿತ್ತಾಳೆ ಜೊತೆ ಅದನ್ನೂ ಪೇಟೆಯ ಪಾತ್ರೆ ಅಂಗಡಿಗೆ ಹಾಕಿ ಕುಕ್ಕರ್ ತಂದರು. ಚೀಲ ಹೊತ್ತವನು ನಾನೇ. ತಕ್ಕಡಿಯಲ್ಲಿ ಚೊಂಬಿನ ಮೇಲೆ ಮಲಗಿದ್ದ ವೀರಭದ್ರನನ್ನು ನೋಡಿಯೂ ಸುಮ್ಮನಿದ್ದೆ.

ಇಟಲಿಯ ಕುಶಲಿಗಳು ಮೂಲ ಮಾದರಿಯಿಂದ ಅಚ್ಚು ತೆಗೆದಿಟ್ಟುಕೊಂಡು ಮತ್ತೆ ಮತ್ತೆ ಎರಕ ಹೊಯ್ಯಬಲ್ಲವರಾಗಿದ್ದರು. ನಮ್ಮ ಮೇಣದೆರಕದಲ್ಲಿ ಮೂಲವೇ ಮೇಣ. ಅದು ಕರಗಿ ಹೋಗುತ್ತೆ, ಮಣ್ಣಿನ ಅಚ್ಚನ್ನು ಒಡೆದೇ ಮೂರ್ತಿ ತೆಗೆಯಬೇಕು. ಹಾಗಾಗಿ ಪ್ರತಿಯೊಂದೂ ಒಂಟಿ. ಕರಗಿಸಿದರೆ ಮುಗೀತು, ಕಾಪಿಯೂ ಸಿಗಲ್ಲ.

‘ಟೂ ಬಿಎಚ್‌ಕೆಯಲ್ಲಿ ಹಳೇ ಸಾಮಾನಿಗೆ ಜಾಗ ಎಲ್ಲಿದೆ?’ ಅಂತೀರಿ. ಹರ್ಕ್ಯುಲಿಸ್‌ಗೆ ಸಿಕ್ಕಿತಲ್ಲ! ‘ಅದು ಪೂಜೆ ಸಾಮಾನು, ಕಲೆ ಅಲ್ಲ’ ಅಂತೀರಿ. ಹೌದು, ವೀರಗಾಸೆಯವರು ಇಂಥ ಫಲಕ ಕಟ್ಟಿಕೊಂಡು ಕುಣಿಯುತ್ತಾರೆ. ಕುಣಿದ ಮಾತ್ರಕ್ಕೆ ಕಲೆ ಕಡಿಮೆಯಾಯಿತೇ?

ಇನ್ನು ಕೆಲವರಿಗೆ ಈಗ ‘ಎಥ್ನಿಕ್’ ಗೋಡೆ ಅಲಂಕಾರದ ಹುಚ್ಚು. ಕೊಳ್ಳುವ ಮುಂಚೆ ಅದು ಯಾವ ಊರಿನ ಯಾರ ದೇವರಮನೆಯಿಂದ ಬಂತು ಅಂತ ಕೇಳಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಮೂರ್ತಿಯ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತೆಯೇ ಇಲ್ಲ.

ಹಬ್ಬಕ್ಕೆ ಊರಿಗೆ ಹೋಗ್ತೀರಲ್ಲ, ಅಟ್ಟ ಹತ್ತಿ. ಫೋಟೋ ತೆಗೀರಿ, ದೊಡ್ಡವರನ್ನು ಕೂರಿಸಿಕೊಂಡು ಅದರ ಕಥೆ ಕೇಳಿ ಬರೆದಿಡಿ. ತಕ್ಕಡಿಗೆ ಮಾತ್ರ ಹಾಕಬೇಡಿ. ನಮ್ಮನೆಯ ಆ ಕುಕ್ಕರ್ ಮೂರೇ ವರ್ಷಕ್ಕೆ ಗುಜರಿ ಸೇರಿತು.