ವಕಾಲತ್ತಿಲ್ಲದ ಕಕ್ಷಿದಾರ

ಕೆಲವು ವಾರಗಳ ಹಿಂದೆ ನಮಗೆ ಪರಿಚಿತರಾದ ಸರಕಾರಿ ನೌಕರರೊಬ್ಬರು ಕಾರ್ಯಾಲಯಕ್ಕೆ ಬಂದು, "ಒಳ್ಳೆಯ ವಕೀಲರೊಬ್ಬರ ಹೆಸರು ಹೇಳಿರಿ" ಎಂದು ಕೇಳಿದರು. ಎಂಥವರು ಬೇಕೆಂದು ವಿಚಾರಿಸಲು, "ಎದುರು ಪಕ್ಷವು ಮತ್ತೆ ತಲೆಯೆತ್ತದಂತೆ ಮಾಡುವವರು" ಎಂದರು. ಆ ಎದುರು ಪಕ್ಷವೆಂದರೆ ಅವರೊಡನೆ ಎಂಟು ವರುಷ ಸಂಸಾರ ನಡೆಸಿದ ಹೆಂಡತಿ, ಅವರ ಆರು ವರ್ಷದ ಮಗಳ ತಾಯಿ. ಮಗಳು ಯಾರ ಬಳಿಯಲ್ಲಿರಬೇಕೆಂದು ತಮ್ಮ ಇಚ್ಛೆ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನು ನಾನಿನ್ನೂ ಯೋಚಿಸಿಲ್ಲ" ಎಂದರು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯು ನಮ್ಮ ಹಿರಿಯರ ಬಾಯಿಯಲ್ಲಿ ಸುಮ್ಮನೆ ಹುಟ್ಟಿದುದಲ್ಲ.

ವಿವಾಹವಿಚ್ಛೇದನವು ಒಳ್ಳೆಯದೋ ಕೆಟ್ಟುದೋ ಎಂಬ ಚರ್ಚೆಯನ್ನು ನಾವಿಲ್ಲಿ ಎತ್ತುವುದಿಲ್ಲ. ನಮ್ಮಲ್ಲಿ ಅನೇಕ ಸಮಾಜಗಳಲ್ಲಿ ಸೋಡಚೀಟಿಯ ಪದ್ಧತಿಯು ಕಾಯಿದೆಗಳು ಹುಟ್ಟುವ ಮೊದಲೇ ಇದ್ದಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳನ್ನೊಳಗೊಂಡ ಅಂದಿನ ಮುಂಬಯಿ ಪ್ರಾಂತದಲ್ಲಿ 1947ರಲ್ಲಿಯೇ ಹಿಂದೂ ವಿಚ್ಛೇದನದ ಕಾಯಿದೆಯಾಯಿತು. 1955ರ ಹಿಂದೂ ವಿವಾಹ ಕಾಯಿದೆಯು ಆ ಹಕ್ಕನ್ನು ದೇಶಕ್ಕೆ ವಿಸ್ತರಿಸಿತು. ಕೂಡಿ ಬಾಳಲಾರದವರು ಗೌರವದಿಂದ ಬೇರೆಯಾಗಲು ದಾರಿಯಿರುವುದು ನ್ಯಾಯವೇ. ಆದರೆ ಆ ದಾರಿಯಲ್ಲಿ ನಡೆಯುವಾಗ ಯಾರ ಕೈ ಹಿಡಿಯಬೇಕೆಂಬುದನ್ನು ಜನರು ಯೋಚಿಸದಿರುವುದು ನಮಗೆ ವಿಷಾದವನ್ನುಂಟುಮಾಡಿದೆ.

ಮೊದಲನೆಯದಾಗಿ, ವಕೀಲರು ಸ್ಥಳೀಕರಾಗಿರುವುದು ಮೇಲು. ದೊಡ್ಡ ಪಟ್ಟಣದ ದೊಡ್ಡ ಹೆಸರಿನವರಿಂದಲೇ ಕೆಲಸವಾಗುವುದೆಂಬ ಭ್ರಮೆಯು ಎಷ್ಟೋ ಕುಟುಂಬಗಳನ್ನು ಸಾಲಕ್ಕೆ ದೂಡಿದೆ. ವಿಚ್ಛೇದನದ ಅರ್ಜಿಯನ್ನು ಮದುವೆಯಾದ ಊರಿನಲ್ಲಿ, ದಂಪತಿಗಳು ಕೊನೆಗೆ ಕೂಡಿ ಇದ್ದ ಊರಿನಲ್ಲಿ, ಅಥವಾ ಎದುರುದಾರರು ವಾಸಿಸುವ ಊರಿನಲ್ಲಿ ಕೊಡಬಹುದು. ಅರ್ಜಿದಾರಳು ಹೆಂಡತಿಯಾದರೆ, 2003ರ ತಿದ್ದುಪಡಿಯಂತೆ, ತಾನಿರುವ ಊರಿನಲ್ಲಿಯೂ ಕೊಡಬಹುದು. ಮಗುವಿನ ಪಾಲನೆಯ ಪ್ರಶ್ನೆಯನ್ನು 1890ರ ಕಾಯಿದೆಯ ಪ್ರಕಾರ ಎತ್ತುವುದಾದರೆ ಮಗುವು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ ಹೋಗಬೇಕು. ಹೀಗಿರಲು, ಹುಬ್ಬಳ್ಳಿಯ ಕೂಸಿನ ವ್ಯಾಜ್ಯಕ್ಕೆ ಬೆಂಗಳೂರಿನಿಂದ ವಕೀಲರನ್ನು ಕರೆತಂದು ಪ್ರತಿಯೊಂದು ವಾಯಿದೆಗೂ ಪ್ರಯಾಣದ ವೆಚ್ಚವನ್ನು ತೆರುವುದರಲ್ಲಿ ಏನು ಅರ್ಥ? ಊರಿನ ವಕೀಲರು ಆ ನ್ಯಾಯಾಲಯದ ರೀತಿಯನ್ನೂ, ಅಲ್ಲಿಯ ಸಲಹೆಗಾರರನ್ನೂ, ರಾಜಿಯ ಮಾತಿಗೆ ಯಾವ ಹಿರಿಯರನ್ನು ಕರೆಯಬಹುದೆಂಬುದನ್ನೂ ಬಲ್ಲರು.

ಸ್ಥಳೀಕರೆಂದರೆ ಮನೆಯ ವಕೀಲರೇ ಎಂದು ತಿಳಿಯಬಾರದು. ಹೊಲದ ತಕರಾರು, ಮನೆಯ ಖರೀದಿಪತ್ರ, ಹಿಸ್ಸೆಯ ದಾವೆ, ಇವುಗಳನ್ನು ಎರಡು ತಲೆಮಾರಿನಿಂದ ನೋಡಿಕೊಂಡು ಬಂದವರು ಆ ಕೆಲಸದಲ್ಲಿ ಪ್ರವೀಣರಿರಬಹುದು. ಕೌಟುಂಬಿಕ ನ್ಯಾಯಾಲಯದ ದಾರಿಯೇ ಬೇರೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯು ಪಕ್ಷಗಾರರಲ್ಲಿ ಒಪ್ಪಂದವಾಗುವಂತೆ ಮೊದಲು ಪ್ರಯತ್ನಿಸಬೇಕೆಂದು ನ್ಯಾಯಾಧೀಶರಿಗೇ ವಿಧಿಸಿದೆ. ಅಷ್ಟೇ ಅಲ್ಲ, ವಕೀಲರ ಮೂಲಕ ವಾದಿಸುವುದು ಅಲ್ಲಿ ಪಕ್ಷಗಾರರ ಹಕ್ಕಲ್ಲವೆಂದು ಅದರ 13ನೆಯ ಕಲಮು ಹೇಳುತ್ತದೆ. ನ್ಯಾಯಾಲಯದ ಅನುಮತಿಯಿಂದಲೇ ವಕೀಲರು ನಿಲ್ಲಬೇಕು. ಸಂಸಾರದ ಮುರುಕನ್ನು ವಾದದ ಅಖಾಡವನ್ನಾಗಿ ಮಾಡಬಾರದೆಂಬುದೇ ಕಾಯಿದೆಯನ್ನು ರಚಿಸಿದವರ ಆಶಯ. ಇಬ್ಬರ ಮನೆತನಕ್ಕೂ ಬೇಕಾದ ವಕೀಲರಿದ್ದರೆ ಅವರನ್ನು ಹಿರಿಯರಾಗಿ ಕರೆದು ಮಾತನಾಡಿಸಬಹುದು. ಒಬ್ಬರಿಗೆ ಸಲಹೆಯಿತ್ತ ವ್ಯವಹಾರದಲ್ಲಿ ಮತ್ತೊಬ್ಬರ ಪರವಾಗಿ ನಿಲ್ಲುವುದು ವಕೀಲರ ನಿಯಮಕ್ಕೆ ವಿರುದ್ಧ.

ಹಾಗಾದರೆ ಒಳ್ಳೆಯ ವಕೀಲರನ್ನು ಗುರುತಿಸುವುದು ಹೇಗೆ? ಮೊದಲನೆಯ ಭೇಟಿಯಲ್ಲಿಯೇ "ಗೆದ್ದೇ ಗೆಲ್ಲಿಸುತ್ತೇನೆ" ಎಂದು ಭಾಷೆ ಕೊಡುವವರನ್ನು ನಮಸ್ಕರಿಸಿ ಬಿಟ್ಟುಬನ್ನಿರಿ. ಸಂಬಳವನ್ನು ಮುಚ್ಚಿಡುವ ಉಪಾಯವನ್ನು ಕಲಿಸುವವರನ್ನೂ ಬಿಡಿರಿ. ಜೀವನಾಂಶದ ವಿಚಾರಣೆಯಲ್ಲಿ ಎರಡೂ ಕಡೆಯವರು ಆಸ್ತಿ, ಆದಾಯ, ಋಣಗಳನ್ನು ಪ್ರಮಾಣಪೂರ್ವಕವಾಗಿ ಬರೆದುಕೊಡಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ವಿಧಿಸಿದೆ, ಸುಳ್ಳು ಬರೆದವರೇ ಸಿಕ್ಕಿಬೀಳುವರು. ಪರಸ್ಪರ ಸಮ್ಮತಿಯಿಂದ ಬೇರೆಯಾಗುವ ಮಾರ್ಗವನ್ನು ಮೊದಲು ತಿಳಿಸುವವರೇ ನಂಬತಕ್ಕವರು. ಆ ಮಾರ್ಗದಲ್ಲಿ ಒಂದು ವರುಷ ಪ್ರತ್ಯೇಕವಾಗಿದ್ದವರು ಕೂಡಿ ಅರ್ಜಿ ಕೊಟ್ಟು ಆರು ತಿಂಗಳು ಕಾಯಬೇಕು. ಒಪ್ಪಂದವೆಲ್ಲ ಮುಗಿದು, ಕೂಡುವ ಆಸೆಯೇ ಇಲ್ಲದಿರುವಲ್ಲಿ ಆ ಅವಧಿಯನ್ನು ಕೂಡ ನ್ಯಾಯಾಲಯವು ಬಿಟ್ಟುಕೊಡಬಹುದೆಂದು 2017ರಲ್ಲಿ ನಿರ್ಣಯವಾಗಿದೆ.

ಹಣದ ಮಾತನ್ನು ಸಂಕೋಚವಿಲ್ಲದೆ ಆಡಿರಿ. ಫೀಜು ಎಷ್ಟು, ಯಾವ ಕೆಲಸಕ್ಕೆ, ವಾಯಿದೆಗೆ ಬೇರೆ ಕೊಡಬೇಕೋ ಹೇಗೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ. ಕೊಟ್ಟುದಕ್ಕೆ ರಸೀದಿ ಪಡೆಯಿರಿ. ಫಲಿತಾಂಶದ ಮೇಲೆ ಫೀಜನ್ನು ನಿಲ್ಲಿಸುವುದಾಗಲಿ, ದೊರೆಯುವ ಜೀವನಾಂಶದಲ್ಲಿ ಪಾಲು ಕೇಳುವುದಾಗಲಿ ವಕೀಲರಿಗೆ ನಿಷಿದ್ಧ. ಫೀಜು ಬಾಕಿಯಿದೆಯೆಂದು ಕಕ್ಷಿದಾರರ ಕಾಗದಪತ್ರಗಳನ್ನು ತಡೆಹಿಡಿಯುವ ಅಧಿಕಾರವೂ ಅವರಿಗಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿದೆ. ಕೈಯಲ್ಲಿ ಹಣವಿಲ್ಲದ ತಾಯಂದಿರು ಹತಾಶರಾಗಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ, ಆದಾಯವೆಷ್ಟೇ ಇರಲಿ, ಉಚಿತವಾಗಿ ವಕೀಲರು ದೊರೆಯುವರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿದರೆ ಸಾಕು. 15100 ಎಂಬ ದೂರವಾಣಿ ಸಂಖ್ಯೆಯೂ ಇದೆ. ಸ್ವಂತ ಆದಾಯವಿಲ್ಲದ ಪತಿಗಾಗಲಿ ಪತ್ನಿಗಾಗಲಿ ವ್ಯಾಜ್ಯದ ಖರ್ಚನ್ನು ಎದುರು ಪಕ್ಷದಿಂದ ಕೊಡಿಸುವ ಅಧಿಕಾರವನ್ನು ಹಿಂದೂ ವಿವಾಹ ಕಾಯಿದೆಯ 24ನೆಯ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ. ಇಷ್ಟು ತಿಳಿಯದೆ ತಾಳಿಯನ್ನು ಅಡವಿಡುವ ಹೆಣ್ಣುಮಕ್ಕಳಿದ್ದಾರೆಂಬುದೇ ನಾಚಿಕೆಯ ಸಂಗತಿ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ತಂದೆಗೆ ವಕೀಲರಿದ್ದಾರೆ, ತಾಯಿಗೆ ವಕೀಲರಿದ್ದಾರೆ. ಯಾರ ಬದುಕು ಈ ತೀರ್ಪಿನಿಂದ ಎಲ್ಲರಿಗಿಂತ ಹೆಚ್ಚಾಗಿ ಬದಲಾಗುವುದೋ ಆ ಮಗುವು ಮಾತ್ರ ಯಾರ ವಕಾಲತ್ತಿಗೂ ಸಹಿ ಹಾಕಿಲ್ಲ. ಕಾಯಿದೆಯು ಅದನ್ನು ಮರೆತಿಲ್ಲ. ಮಗುವಿನ ಹಿತವೇ ಪರಮ ಪ್ರಧಾನವೆಂದು 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯಿದೆಯು ಸಾರಿದೆ. ಐದು ವರ್ಷ ತುಂಬದ ಮಗುವು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರತಕ್ಕದ್ದೆಂದೂ ಅದೇ ಹೇಳುತ್ತದೆ. ವಿವೇಚನೆಯಿಂದ ಇಚ್ಛೆಯನ್ನು ಹೇಳಬಲ್ಲಷ್ಟು ಬೆಳೆದ ಮಗುವಿನ ಇಚ್ಛೆಯನ್ನು ನ್ಯಾಯಾಧೀಶರು ಗಮನಕ್ಕೆ ತಂದುಕೊಳ್ಳಬಹುದು. ಪಾಲನೆಯೆಂಬುದು ಗೆದ್ದವನು ಹೊತ್ತೊಯ್ಯುವ ಪದಕವಾಗಿದ್ದರೆ ಇಂಥ ವಿಧಿಗಳೇ ಬೇಕಾಗುತ್ತಿರಲಿಲ್ಲ. ಯಾವ ವಕೀಲರು ಮೊದಲು ಮಗುವಿನ ಶಾಲೆ ಯಾವುದು, ರಾತ್ರಿ ಯಾರ ಮಗ್ಗುಲಲ್ಲಿ ಮಲಗುತ್ತದೆ, ಅಜ್ಜಿಯನ್ನು ಕಂಡು ಎಷ್ಟು ದಿನವಾಯಿತು ಎಂದು ಕೇಳುವರೋ, ಭೇಟಿಯ ದಿನಗಳನ್ನೂ ರಜೆಯ ದಿನಗಳನ್ನೂ ಎರಡು ಕಡೆಗೆ ನ್ಯಾಯವಾಗಿ ಹಂಚಲು ಯತ್ನಿಸುವರೋ, ಅವರನ್ನೇ ನೇಮಿಸಿಕೊಳ್ಳಿರಿ. ಮಗುವಿಗೆ ಎದುರು ಪಕ್ಷದ ಮೇಲೆ ದೂರು ಹೇಳಲು ಕಲಿಸಿರೆನ್ನುವ ವಕೀಲರು, ಅವರ ಕೀರ್ತಿಯೆಷ್ಟೇ ಇರಲಿ, ನಿಮ್ಮ ಮನೆಯ ಹೊಸ್ತಿಲು ತುಳಿಯದಿರಲಿ.

ನಮ್ಮ ಊರಿನ ವಕೀಲ ಮಹಾಶಯರಿಗೂ ಒಂದು ವಿಜ್ಞಾಪನೆ. ನ್ಯಾಯಾಲಯಗಳಿಗೆ ಸೇರಿದ ಮಧ್ಯಸ್ಥಿಕೆಯ ಕೇಂದ್ರಗಳು ನಮ್ಮ ನಾಡಿನಲ್ಲಿ ಕೆಲಸ ಮಾಡುತ್ತಿವೆ. ಬೆಂಗಳೂರಿನದು 2007ರಲ್ಲಿ ಆರಂಭವಾಯಿತು. ಅಲ್ಲಿ ಮುಗಿಯಬಹುದಾದುದನ್ನು ವಾಯಿದೆಯಿಂದ ವಾಯಿದೆಗೆ ಎಳೆಯುವುದರಿಂದ ಫೀಜು ಬೆಳೆದೀತು. ಮಗುವೂ ಅಷ್ಟರಲ್ಲಿ ತಂದೆಯೋ ತಾಯಿಯೋ ಇಲ್ಲದೆ ಬೆಳೆದುಬಿಟ್ಟೀತು. ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಹೊಲದ ವ್ಯಾಜ್ಯಕ್ಕಿಂತ ಇಲ್ಲಿ ಹೆಚ್ಚು ಸತ್ಯ.

ನಮ್ಮ ಆ ಪರಿಚಿತರಿಗೆ ನಾವು ಅಂದು ಯಾರ ಹೆಸರನ್ನೂ ಹೇಳಲಿಲ್ಲ. ಮಗಳಿಗೆ ಏನು ಬೇಕೆಂಬುದನ್ನು ಒಂದು ಹಾಳೆಯ ಮೇಲೆ ಬರೆದು ತನ್ನಿರಿ, ಅದನ್ನು ಓದಿ ತಾಳ್ಮೆಯಿಂದ ಮಾತನಾಡಬಲ್ಲ ವಕೀಲರ ಬಳಿಗೆ ನಾವೇ ಕರೆದೊಯ್ಯುತ್ತೇವೆ ಎಂದೆವು. ಅವರು ಇನ್ನೂ ಬಂದಿಲ್ಲ. ಬರುವರೆಂದು ನಂಬಿದ್ದೇವೆ, ಅವರಂತೆಯೇ ಸಿಟ್ಟಿನಲ್ಲಿರುವ ಇತರ ತಂದೆತಾಯಿಗಳೂ ವಕಾಲತ್ತಿಗೆ ಸಹಿ ಹಾಕುವ ಮೊದಲು ಆ ಹಾಳೆಯನ್ನು ಬರೆಯಲೆಂದು ಕೋರುತ್ತೇವೆ.