ಕಮಿಷನ್ ಪಡೆಯುವವರು ಏಜೆಂಟರೋ, ನೌಕರರೋ?

ನಮ್ಮ ನಾಡಿನ ಯಾವ ಪೇಟೆಗೆ ಹೋದರೂ ಸಂಜೆಯ ವೇಳೆಗೆ ಹೆಗಲಿಗೊಂದು ಚೀಲ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ನಡೆಯುವ ಪಿಗ್ಮಿ ಸಂಗ್ರಾಹಕರು ಕಾಣಸಿಗುತ್ತಾರೆ. ಕಿರಾಣಿ ವರ್ತಕರಿಂದ ನೂರು, ಹೂ ಮಾರುವ ತಾಯಿಯಿಂದ ಇಪ್ಪತ್ತು, ಹೀಗೆ ಪಡೆದುದನ್ನು ಲೆಕ್ಕಕ್ಕೆ ಬರೆದು ಸಂಸ್ಥೆಗೆ ಒಪ್ಪಿಸುತ್ತಾರೆ. ಅವರಿಗೆ ಸಂಬಳವೆಂಬುದಿಲ್ಲ, ಸಂಗ್ರಹಿಸಿದ ಹಣದ ಮೇಲೆ ಇಂತಿಷ್ಟು ಕಮಿಷನ್ ಉಂಟು. ಇಪ್ಪತ್ತೈದು ವರ್ಷ ಬಿಸಿಲು ಮಳೆಯೆನ್ನದೆ ಹೀಗೆ ತಿರುಗಿದವರು ಮಂಡಿನೋವಿನಿಂದ ಮನೆ ಹಿಡಿದ ದಿನ ಅವರ ಕೈಗೆ ಬರುವುದೇನು? ಸಂಸ್ಥೆಯ ನೌಕರರೆಂದಾದರೆ ಅದಕ್ಕೊಂದು ಉತ್ತರವಿದೆ. ಸ್ವತಂತ್ರ ಏಜೆಂಟರೆಂದಾದರೆ ಉತ್ತರವೇ ಬೇರೆ. ಒಂದು ಸಂಸಾರದ ಮುಪ್ಪಿನ ಕಾಲ ಈ ಒಂದು ಪದದ ಮೇಲೆ ನಿಂತಿದೆ.

ನಮ್ಮ ಸಮಾಜದ ಮನೆಗಳಲ್ಲಿ ಕೆಲಸ ಕೊಡುವವರೂ ಇದ್ದಾರೆ, ಕೆಲಸ ಮಾಡುವವರೂ ಇದ್ದಾರೆ. ಸಹಕಾರಿ ಸಂಘಗಳು, ವಿದ್ಯಾಸಂಸ್ಥೆಗಳು, ಗಿರಣಿಗಳು, ಮಗ್ಗಗಳು ಒಂದು ಕಡೆ. ಚಾಲಕರು, ಬೋಧಕರು, ಬೆಂಗಳೂರಿನಲ್ಲಿ ಮನೆಮನೆಗೆ ಆಹಾರ ತಲುಪಿಸುವ ತರುಣರು ಇನ್ನೊಂದು ಕಡೆ. ಆದುದರಿಂದ ಈ ವಿಷಯವನ್ನು ಇಬ್ಬರೂ ತಿಳಿದಿರುವುದು ಒಳಿತು.

ಶರಣರ ಕಾಯಕವನ್ನು ಒಮ್ಮೆ ನೆನೆಯೋಣ. ನುಲಿಯ ಚಂದಯ್ಯನವರು ಹುಲ್ಲನ್ನು ತಾವೇ ಕೊಯ್ದು, ತಾವೇ ಹಗ್ಗ ಹೊಸೆದು, ತಾವೇ ಮಾರಿ, ಬಂದುದರಲ್ಲಿ ದಾಸೋಹ ನಡೆಸಿದರು. ಅಂಬಿಗರ ಚೌಡಯ್ಯನವರ ಹುಟ್ಟು ಅವರ ಕೈಯಲ್ಲೇ ಇತ್ತು. ಇಂಥವರು ನಿಜಾರ್ಥದಲ್ಲಿ ಸ್ವತಂತ್ರರು. ಉಪಕರಣ ತಮ್ಮದು, ಕೌಶಲ ತಮ್ಮದು, ಲಾಭನಷ್ಟ ತಮ್ಮದು. ಇಂದು ‘ಸ್ವತಂತ್ರ ಗುತ್ತಿಗೆದಾರ’, ‘ಪಾಲುದಾರ’ ಎಂದು ಕರೆಯಿಸಿಕೊಳ್ಳುವ ಅನೇಕರಿಗೆ ಈ ಯಾವ ಸ್ವಾತಂತ್ರ್ಯವೂ ಇಲ್ಲ, ಹೆಸರು ಮಾತ್ರ ಇದೆ. ಹೆಸರಿಗೂ ವಸ್ತುಸ್ಥಿತಿಗೂ ಹೀಗೆ ಅಂತರವಿದ್ದಾಗ ನ್ಯಾಯಾಲಯಗಳು ವಸ್ತುಸ್ಥಿತಿಯ ಕಡೆಗೇ ನೋಡುತ್ತ ಬಂದಿವೆ.

ಪಿಗ್ಮಿಯ ಕಥೆ ನಮ್ಮ ಕರಾವಳಿಯಲ್ಲೇ ಹುಟ್ಟಿದುದು. ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡ ಸಂಸ್ಥೆಯು 1928ರಲ್ಲಿ ಈ ಯೋಜನೆಯನ್ನು ಹಾಕಿಕೊಂಡಿತು. ಬಡವರ ಮನೆಬಾಗಿಲಿಗೇ ಹೋಗಿ ಪುಡಿಗಾಸು ಕೂಡಿಸುವ ಈ ಉಪಾಯವನ್ನು ಮುಂದೆ ಇತರ ಬ್ಯಾಂಕುಗಳೂ ಅನುಸರಿಸಿದವು. ಕಾಲಕ್ರಮದಲ್ಲಿ ಸಂಗ್ರಾಹಕರು ತಾವೂ ಕಾರ್ಮಿಕರೆಂದು ಹಕ್ಕು ಕೇಳಿದರು. ವಿವಾದವು ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಿ, 1988ರಲ್ಲಿ ಅವರ ಪರವಾಗಿ ಐತೀರ್ಪು ಬಂದಿತು. ಬ್ಯಾಂಕುಗಳು ಅದನ್ನು ಪ್ರಶ್ನಿಸಿದವು. ಅಂತಿಮವಾಗಿ 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಬ್ಯಾಂಕುಗಳ ವಾದವನ್ನು ಹಗುರವಾಗಿ ಕಾಣುವಂತಿರಲಿಲ್ಲ. ಸಂಗ್ರಾಹಕರಿಗೆ ಗೊತ್ತಾದ ಕೆಲಸದ ವೇಳೆಯಿಲ್ಲ, ಅವರು ಬೇರೆ ಉದ್ಯೋಗವನ್ನೂ ಮಾಡಬಹುದು, ನೇಮಕದ ಪರೀಕ್ಷೆಯಿಲ್ಲ, ಪಡೆಯುವುದು ಕಮಿಷನ್. ಹೀಗಿರಲು ಇದು ಒಡೆಯ-ಏಜೆಂಟರ ಸಂಬಂಧವೇ ಹೊರತು ನೌಕರಿಯಲ್ಲ ಎಂದವು. ನ್ಯಾಯಾಲಯ ಒಪ್ಪಲಿಲ್ಲ. ಕಮಿಷನ್ ಎಂಬುದು ದುಡಿಮೆಯ ಪ್ರಮಾಣಕ್ಕೆ ತಕ್ಕಂತೆ ಕೊಡುವ ವೇತನದ ಒಂದು ರೂಪವೇ. ಬ್ಯಾಂಕಿಗೆ ಇವರ ಮೇಲೆ ನಿಯಂತ್ರಣವಿದೆ. ಆದುದರಿಂದ ಇವರು ಕಾರ್ಮಿಕರು ಎಂದಿತು. ಆದರೆ ಇವರನ್ನು ಖಾಯಂ ಗುಮಾಸ್ತರಾಗಿ ಸೇರಿಸಿಕೊಳ್ಳಬೇಕು, ಸಮಾನ ವೇತನಶ್ರೇಣಿ ಕೊಡಬೇಕು ಎಂಬುದನ್ನು ಮಾನ್ಯ ಮಾಡಲಿಲ್ಲ. ತಿಂಗಳಿಗೆ ಕನಿಷ್ಠ 7,500 ರೂಪಾಯಿ ಠೇವಣಿ ಸಂಗ್ರಹಿಸಿದವರಿಗೆ 750 ರೂಪಾಯಿಯ ಕನಿಷ್ಠ ಸಂಭಾವನೆ, ಓಡಾಟದ ಭತ್ಯೆ, ವರ್ಷವೊಂದಕ್ಕೆ 15 ದಿನಗಳ ಕಮಿಷನ್ನಿನಂತೆ ಗ್ರಾಚ್ಯುಟಿ, ಇವು ಉಳಿದವು. ನೌಕರನೆಂದ ಮಾತ್ರಕ್ಕೆ ಎಲ್ಲವೂ ದೊರೆಯುವುದಿಲ್ಲ, ಏಜೆಂಟನೆಂದು ಬರೆದ ಮಾತ್ರಕ್ಕೆ ಎಲ್ಲವೂ ತಪ್ಪಿಹೋಗುವುದೂ ಇಲ್ಲ ಎಂಬುದು ಈ ತೀರ್ಪಿನ ಸಾರ.

ಇಂಥ ನಿರ್ಣಯಗಳಿಗೆ ಅಡಿಗಲ್ಲಾದುದು ಉಪ್ಪಿನ ಪ್ರಕರಣ. ಸೌರಾಷ್ಟ್ರದ ರಣಪ್ರದೇಶದಲ್ಲಿ ಉಪ್ಪು ತೆಗೆಯುವ ಅಗರಿಯಾಗಳಿಗೆ ಕಂಪನಿಯೊಂದು ಭೂಮಿಯನ್ನು ತುಂಡುತುಂಡಾಗಿ ಹಂಚಿ, ತೆಗೆದ ಉಪ್ಪಿಗೆ ಮಣದ ಲೆಕ್ಕದಲ್ಲಿ ಹಣ ಕೊಡುತ್ತಿತ್ತು. ಅವರಿಗೆ ಹಾಜರಿ ಪುಸ್ತಕವಿರಲಿಲ್ಲ, ವೇಳೆಯ ಕಟ್ಟಳೆಯಿರಲಿಲ್ಲ. ಹೆಂಡತಿಮಕ್ಕಳೊಡನೆ ದುಡಿಯುತ್ತಿದ್ದರು, ಬೇಕೆಂದಾಗ ಆಳುಗಳನ್ನೂ ಕರೆಯುತ್ತಿದ್ದರು. ಆದರೂ ಅವರು ಸ್ವತಃ ಮೈಬಗ್ಗಿಸಿ ದುಡಿಯುತ್ತಾರೆ, ಕೆಲಸದ ಹಂತಹಂತದಲ್ಲಿ ಕಂಪನಿಯ ಮೇಲ್ವಿಚಾರಣೆಯಿದೆ ಎಂಬ ಕಾರಣಗಳಿಂದ ಧ್ರಾಂಗಧ್ರಾ ಪ್ರಕರಣದ 1956ರ ತೀರ್ಪು ಅವರನ್ನು ಕಾರ್ಮಿಕರೆಂದು ಗುರುತಿಸಿತು. 1973ರಲ್ಲಿ ಹೈದರಾಬಾದಿನ ದರ್ಜಿ ಅಂಗಡಿಯೊಂದರ ವಿಷಯ ಬಂದಿತು. ಅಲ್ಲಿಯ ದರ್ಜಿಗಳಿಗೆ ಹೊಲಿದ ಬಟ್ಟೆಯ ಲೆಕ್ಕದಲ್ಲಿ ಕೂಲಿ. ಕೆಲವೊಮ್ಮೆ ಮನೆಗೂ ಬಟ್ಟೆ ಒಯ್ಯುತ್ತಿದ್ದರು. ಬೇರೆಯವರಿಗೆ ಹೊಲಿಯಲೂ ಅಡ್ಡಿಯಿರಲಿಲ್ಲ. ಆದರೆ ಹೊಲಿಗೆ ಯಂತ್ರಗಳು ಮಾಲೀಕರವು. ಹೊಲಿಗೆ ಸರಿಯಿಲ್ಲವೆಂದು ತಿರಸ್ಕರಿಸಿ ಮತ್ತೆ ಹೊಲಿಸುವ ಅಧಿಕಾರ ಮಾಲೀಕರದು. ಅವರೂ ನೌಕರರೇ ಎಂದು ನಿರ್ಣಯವಾಯಿತು.

ಇದರ ಮರುಮುಖವೂ ಇದೆ. ಮಧ್ಯಪ್ರದೇಶದ ಬೀಡಿ ಉದ್ಯಮದ ಸಟ್ಟೇದಾರರು ತಮ್ಮದೇ ಸ್ಥಳದಲ್ಲಿ, ತಮಗೆ ಬೇಕಾದವರಿಂದ ಬೀಡಿ ಕಟ್ಟಿಸಿ, ಗೊತ್ತಾದ ದರಕ್ಕೆ ಕಾರ್ಖಾನೆಗೆ ಒದಗಿಸುತ್ತಿದ್ದರು. 1958ರ ತೀರ್ಪಿನಲ್ಲಿ ಅವರು ಸ್ವತಂತ್ರ ಗುತ್ತಿಗೆದಾರರೆನಿಸಿದರು. ಆದರೆ ಅವರ ಹಿಂದೆ ನಿಂತ ಬಡ ಕೈಗಳನ್ನು ಕಾನೂನು ಮರೆಯಬಾರದಷ್ಟೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಅಧಿನಿಯಮವು ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರನ್ನೂ ರಕ್ಷಣೆಯೊಳಗೆ ತಂದಿತು. ಅದನ್ನು ಪ್ರಶ್ನಿಸಿದ ಮಂಗಳೂರಿನ ಬೀಡಿ ಉದ್ಯಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಆ ಅಧಿನಿಯಮವನ್ನು ಎತ್ತಿಹಿಡಿಯಿತು.

ಹಾಗಾದರೆ ಗುರುತಿಸುವುದು ಹೇಗೆ? ಯಾವುದೇ ಒಂದು ಲಕ್ಷಣ ಸಾಲದು. ಎಲ್ಲವನ್ನೂ ಕೂಡಿಸಿ ತೂಗಬೇಕು. ಕೆಲಸವನ್ನು ಹೀಗೆಯೇ ಮಾಡಬೇಕೆಂದು ಹೇಳುವ ಅಧಿಕಾರ ಯಾರದು? ಉಪಕರಣ, ಕಚ್ಚಾಸಾಮಗ್ರಿ ಯಾರವು? ದರವನ್ನು ಯಾರು ನಿಗದಿ ಮಾಡುತ್ತಾರೆ? ತಾನು ಬಾರದ ದಿನ ತನ್ನ ಬದಲಿಗೆ ಇನ್ನೊಬ್ಬರನ್ನು ಕಳುಹಿಸಬಹುದೇ? ನಷ್ಟವಾದರೆ ಹೊರುವವರು ಯಾರು? ಆ ಕೆಲಸ ಸಂಸ್ಥೆಯ ಮುಖ್ಯ ವ್ಯವಹಾರದ ಅಂಗವೇ, ಹೊರಗಿನದೇ? ಮದುವೆಗೆ ಶಾಮಿಯಾನ ಹಾಕುವವರು, ಮನೆಗೆ ಬಣ್ಣ ಬಳಿಯುವ ಗುತ್ತಿಗೆ ಹಿಡಿದವರು, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ ಮಾಡುವವರು ನಿಜವಾದ ಸ್ವತಂತ್ರರು. ದಿನವೂ ಗಂಟೆ ಹೊಡೆದಾಗ ಬಂದು, ಸಂಸ್ಥೆಯ ವಾಹನವನ್ನು ಸಂಸ್ಥೆ ಹೇಳಿದ ಕಡೆಗೆ ನಡೆಸುವ ಚಾಲಕರಿಗೆ ‘ಗೌರವಧನ’ ಎಂಬ ಹೆಸರಿನಲ್ಲಿ ಹಣ ಕೊಟ್ಟರೆ ಅದು ಸಂಬಳವಲ್ಲವಾಗುವುದಿಲ್ಲ.

ಪಣಕ್ಕಿಟ್ಟಿರುವುದು ಎಷ್ಟೆಂದು ಲೆಕ್ಕ ಹಾಕಿ ನೋಡೋಣ. ಭವಿಷ್ಯನಿಧಿ ಮತ್ತು ಗ್ರಾಚ್ಯುಟಿ ಎರಡೂ ಅನ್ವಯಿಸುವ ಸಂಸ್ಥೆಯೊಂದರಲ್ಲಿ ತಿಂಗಳಿಗೆ 14,000 ರೂಪಾಯಿ ವೇತನದ ಮೇಲೆ ಹತ್ತು ವರ್ಷ ದುಡಿದವರನ್ನು ಭಾವಿಸಿಕೊಳ್ಳಿ. ಶೇಕಡಾ 12ರಂತೆ ಮಾಲೀಕರ ವಂತಿಗೆ ತಿಂಗಳಿಗೆ 1,680 ರೂಪಾಯಿ. ಹತ್ತು ವರ್ಷಕ್ಕೆ ಬಡ್ಡಿಯನ್ನು ಬಿಟ್ಟರೂ 2,01,600 ರೂಪಾಯಿ. ವರ್ಷಕ್ಕೆ 15 ದಿನಗಳಂತೆ, ತಿಂಗಳಿಗೆ 26 ದಿನಗಳ ಲೆಕ್ಕದಲ್ಲಿ ಗ್ರಾಚ್ಯುಟಿ ಸುಮಾರು 80,769 ರೂಪಾಯಿ. ಎರಡೂ ಸೇರಿ 2,82,000 ರೂಪಾಯಿಗೂ ಮೇಲೆ. ಒಂದು ಕಾಗದದ ಮೇಲೆ ‘ಗುತ್ತಿಗೆದಾರ’ ಎಂದು ಬರೆದು ಇದನ್ನು ಉಳಿಸಿದರೆ, ಉಳಿದುದು ಯಾರ ಹಣ?

ಈಗ ಕಾನೂನಿನ ಚೌಕಟ್ಟು ಬದಲಾಗಿದೆ. ಹಳೆಯ ಹಲವು ಅಧಿನಿಯಮಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ನೇಮಕಪತ್ರ ಕೊಡುವುದು ಮಾಲೀಕರ ಕರ್ತವ್ಯವಾಗಿದೆ. ನಿಗದಿತ ಅವಧಿಗೆ ನೇಮಕಗೊಂಡವರು ಒಂದು ವರ್ಷ ಪೂರೈಸಿದರೆ ಗ್ರಾಚ್ಯುಟಿಗೆ ಅರ್ಹರು. ಮೊಬೈಲ್ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರನ್ನು ಸಾಮಾಜಿಕ ಸುರಕ್ಷತಾ ಸಂಹಿತೆಯು ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗಿನವರೆಂದೇ ಕರೆದರೂ, ಅವರ ಕ್ಷೇಮಕ್ಕೆ ಕಂಪನಿಗಳು ವಂತಿಗೆ ಕೊಡಬೇಕೆಂದಿದೆ. ಕರ್ನಾಟಕವೂ 2025ರಲ್ಲಿ ಇವರಿಗಾಗಿ ಪ್ರತ್ಯೇಕ ಅಧಿನಿಯಮವನ್ನು ಮಾಡಿದೆ. ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಸಲ್ಲುವ ಹಣದ ಶೇಕಡಾ 1ರಿಂದ 5ರವರೆಗೆ ಕ್ಷೇಮಾಭಿವೃದ್ಧಿ ಶುಲ್ಕವನ್ನು ಕಂಪನಿಗಳಿಂದ ಪಡೆಯುವುದಕ್ಕೆ ಅದರಲ್ಲಿ ಅವಕಾಶವಿದೆ. ನೌಕರನೋ ಅಲ್ಲವೋ ಎಂಬ ಪ್ರಶ್ನೆಯನ್ನು ಇದು ಬಿಡಿಸಲಿಲ್ಲ. ಆದರೆ ಅದು ಬಿಡಿಸುವವರೆಗೆ ದುಡಿಯುವವರು ಬರಿಗೈಯಲ್ಲಿ ಇರಬಾರದೆಂದು ಒಪ್ಪಿಕೊಂಡಿತು.

ದುಡಿಯುವವರಿಗೆ ಒಂದು ಮಾತು. ಕಮಿಷನ್ ಚೀಟಿ, ಗುರುತಿನ ಚೀಟಿ, ಸಂಸ್ಥೆ ಕಳುಹಿಸಿದ ಸೂಚನೆಗಳು, ಬ್ಯಾಂಕ್ ಪಾಸ್‌ಪುಸ್ತಕ, ಇವುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ನಾಳೆ ವಿವಾದ ಬಂದರೆ ವಸ್ತುಸ್ಥಿತಿಯನ್ನು ಹೇಳುವ ಸಾಕ್ಷಿಗಳು ಇವೇ. ಓದದೆ ಯಾವ ಕರಾರಿಗೂ ರುಜು ಹಾಕಬೇಡಿರಿ. ಅನುಮಾನವಿದ್ದಲ್ಲಿ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ.

ಸಂಸ್ಥೆ ನಡೆಸುವ ಬಂಧುಗಳಲ್ಲಿ ಇನ್ನೊಂದು ಬಿನ್ನಹ. ತಮ್ಮಲ್ಲಿ ಕಮಿಷನ್, ಗೌರವಧನ, ಗುತ್ತಿಗೆ ಎಂಬ ಹೆಸರಿನಲ್ಲಿ ಹಣ ಪಡೆಯುವವರ ಪಟ್ಟಿಯನ್ನು ಮುಂದಿಟ್ಟುಕೊಂಡು, ಮೇಲೆ ಹೇಳಿದ ಪ್ರಶ್ನೆಗಳನ್ನು ಒಬ್ಬೊಬ್ಬರ ವಿಷಯದಲ್ಲೂ ಕೇಳಿಕೊಳ್ಳಿರಿ. ತಿಳಿದವರಾದ ವಕೀಲರ ಸಲಹೆ ಪಡೆಯಿರಿ. ತಡವಾಗಿ ದಂಡ, ಬಡ್ಡಿಗಳೊಡನೆ ಕಟ್ಟುವುದಕ್ಕಿಂತ ಇಂದೇ ಸರಿಪಡಿಸುವುದು ವ್ಯವಹಾರಕ್ಕೂ ಕ್ಷೇಮ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರೆಂಬುದನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಬಿದ್ದ ಅಕ್ಕಿಯ ವಿಷಯದಲ್ಲೇ ಆ ತಾಯಿಗೆ ಅಷ್ಟು ಎಚ್ಚರವಿತ್ತು. ಇನ್ನೊಬ್ಬರ ಬೆವರಿನಿಂದ ಬಂದು ನಮ್ಮ ಲೆಕ್ಕಪುಸ್ತಕದಲ್ಲಿ ‘ಉಳಿತಾಯ’ವೆಂದು ಕುಳಿತಿರುವ ಹಣದ ವಿಷಯದಲ್ಲಿ ನಮಗೂ ಅಷ್ಟು ಎಚ್ಚರವಿರಲಿ. ದಾಸೋಹಕ್ಕೆ ಕೊಡುವ ಮೊದಲು ದುಡಿದವರಿಗೆ ಸಲ್ಲಬೇಕಾದುದು ಸಂದಿರಲಿ.