ಮಳಿಗೆಯ ಗೋಡೆಯ ಮೇಲೆ ಯಾರ ಮದುವೆ?

ಮದುವೆ ಮೇಳಗಳಲ್ಲಿ ಫೋಟೋಗ್ರಾಫರುಗಳು ಹಾಕುವ ಮಳಿಗೆಗಳ ಬಗ್ಗೆ ನನಗೆ ದೊಡ್ಡ ತಕರಾರಿದೆ. ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರ, ಎಲ್ಲೇ ನೋಡಿ, ಹಿಂಬದಿಯ ಗೋಡೆಯ ತುಂಬ ಒಬ್ಬಳೇ ಮದುಮಗಳು. ಹಾಲಿನಷ್ಟು ಬೆಳ್ಳಗಿದ್ದಾಳೆ, ಕಣ್ಣು ಕೆಳಗೆ ಮಾಡಿದ್ದಾಳೆ, ಯಾವುದೋ ಕೋಟೆಯ ಮೆಟ್ಟಿಲ ಮೇಲೆ ಲೆಹೆಂಗಾ ಹರಡಿಕೊಂಡು ಕೂತಿದ್ದಾಳೆ. ಪಕ್ಕದ ಟಿವಿಯಲ್ಲಿ ಡ್ರೋನು ಕೆರೆಯೊಂದರ ಮೇಲೆ ಹಾರುತ್ತಿದೆ. ಮೇಜಿನ ಮೇಲೆ ನಾಲ್ಕು ಆಲ್ಬಮ್, ಒಂದು ಬಟ್ಟಲು ಚಾಕೊಲೇಟು. ಅಲ್ಲಿಗೆ ಬಂದು ಅಡ್ವಾನ್ಸ್ ಕೊಟ್ಟು ಹೋಗುವವರು ಮಾತ್ರ ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ ಮುಹೂರ್ತ ಇಟ್ಟುಕೊಳ್ಳುವ ನಮ್ಮ ಕಡೆಯ ಜನ. ಅವರ ಮದುವೆ ಆಗುವುದು ಮಂಗಲ ಕಾರ್ಯಾಲಯದ ಟ್ಯೂಬ್‌ಲೈಟಿನ ಕೆಳಗೆ, ಇಲ್ಲವೇ ಮನೆಯ ಮುಂದೆ ಹಾಕಿದ ಪೆಂಡಾಲಿನಲ್ಲಿ.

ಈ ತಕರಾರನ್ನು ಬರೆದೇ ಹೇಳಬೇಕು ಅನ್ನಿಸಿದ್ದಕ್ಕೆ ಕಾರಣ ನನ್ನ ಚಿಕ್ಕಪ್ಪನ ಮಗ. ನಮ್ಮೂರು ಯಡೂರು, ಚಿಕ್ಕೋಡಿ ತಾಲ್ಲೂಕಿನ ಕೃಷ್ಣೆಯ ದಂಡೆಯ ಊರು. ಅವನು ಹತ್ತಿರದ ಊರಲ್ಲಿ ಸ್ಟುಡಿಯೋ ಇಟ್ಟಿದ್ದಾನೆ. ಈ ಸಲ ಮೇಳವೊಂದರಲ್ಲಿ ಮಳಿಗೆ ಹಿಡಿದಿದ್ದಾನೆ. "ಅಕ್ಕಾ, ನೀ ಫೋಟೋ ಮ್ಯಾಲೇನ ಪಿಎಚ್‌ಡಿ ಮಾಡಾಕತ್ತಿ. ಸ್ಟಾಲ್ ಹೆಂಗಿರಬೇಕು ಹೇಳಲಾ," ಅಂದ. ಸಿಗುವ ಜಾಗ 3 ಮೀಟರ್ ಅಗಲ, 3 ಮೀಟರ್ ಆಳ. ಮೂರು ಬದಿ ಬಿಳಿ ಹಲಗೆ, ಮೇಲೆ ಹೆಸರಿನ ಪಟ್ಟಿ, ಒಂದು ಮೇಜು, ಎರಡು ಕುರ್ಚಿ, ಒಂದೆರಡು ದೀಪ, ಒಂದು ಪ್ಲಗ್ಗು. ಉಳಿದದ್ದೆಲ್ಲ ನಾವೇ ತುಂಬಬೇಕು. ಹಿಂಬದಿಯ ಗೋಡೆಗೆ ಅವನು ಆಗಲೇ ನೆಟ್ಟಿನಿಂದ ಒಂದು ಚಿತ್ರ ಇಳಿಸಿಕೊಂಡಿದ್ದ. ಅದೇ ಕೋಟೆ, ಅದೇ ಮೆಟ್ಟಿಲು.

ಯಡೂರಿನ ವೀರಭದ್ರ ಮನೆದೇವರಾಗಿರುವ ಕುಟುಂಬಗಳು ಗಡಿಯ ಈಚೆಗೂ ಇವೆ, ಆಚೆಗೂ ಇವೆ. ಅಂಥ ಮನೆಗಳ ಮದುವೆಯೊಂದಿಗೆ ಗುಗ್ಗುಳ ನಡೆಯುತ್ತದೆ. ಉರಿಯುವ ಕೊಡ, ಸಂಬಾಳದ ಸದ್ದು, ಪುರವಂತರ ಒಡಪು, ಚುಚ್ಚಿಕೊಂಡ ಶಸ್ತ್ರ, ಹೊಗೆ, ಬೆವರು. ನನ್ನ ಕೇಳಿದರೆ, ಮದುವೆಯ ಕಾರ್ಯಗಳಲ್ಲೆಲ್ಲ ಫೋಟೋ ತೆಗೆಯುವವನ ಕಸುಬನ್ನು ಒರೆಗೆ ಹಚ್ಚುವುದು ಇದೇ. ಬಿಸಿಲು ನೆತ್ತಿಗೆ, ಹೊಗೆ ಲೆನ್ಸಿಗೆ, ಜನ ಮೈಮೇಲೆ. ಒಡಪು ಹೇಳುತ್ತಿರುವ ಪುರವಂತನಿಗೆ "ಇನ್ನೊಮ್ಮೆ ಹೇಳ್ರಿ, ಫೋಕಸ್ ಆಗಲಿಲ್ಲ" ಅನ್ನಲು ಬರುವುದಿಲ್ಲ. ನನ್ನ ತಮ್ಮ ಇದನ್ನು ಅದ್ಭುತವಾಗಿ ತೆಗೆಯುತ್ತಾನೆ. ಅವನ ಕಂಪ್ಯೂಟರಿನಲ್ಲಿ ಒಂದು ಚಿತ್ರವಿದೆ: ಉರಿಯ ಬೆಳಕು ಬಾಸಿಂಗ ಕಟ್ಟಿದ ಹುಡುಗಿಯ ಅರ್ಧ ಮುಖದ ಮೇಲೆ, ಹಿಂದೆ ಅವಳ ಸೋದರಮಾವನ ಬೆರಗಿನ ಕಣ್ಣು. ಇದನ್ನೇ ಗೋಡೆಗೆ ಹಾಕು ಅಂದೆ.

"ಅದನ್ನ ಹಾಕಿದ್ರ ಮಂದಿ ಹಳ್ಳಿ ಫೋಟೋಗ್ರಾಫರ್ ಅಂತಾರ ಅಕ್ಕಾ."

ಈ ಒಂದು ಮಾತಿನಲ್ಲಿ ನನ್ನ ಜಗಳವೆಲ್ಲ ಇದೆ. ಹಳ್ಳಿಯ ಫೋಟೋಗ್ರಾಫರ್, ಹಳ್ಳಿಯ ಮದುವೆಗಳನ್ನು ತೆಗೆದೇ ಹೊಟ್ಟೆ ಹೊರೆಯುತ್ತಾನೆ. ಮಳಿಗೆಯಲ್ಲಿ ಮಾತ್ರ ತಾನು ಕಾಲಿಡದ ಕೋಟೆಯನ್ನು ತೋರಿಸುತ್ತಾನೆ. ಬಾಡಿಗೆ ಮದುಮಗಳ ಚಿತ್ರ ನೋಡಿ ಬುಕ್ ಮಾಡಿದ ಹುಡುಗಿ ಆರು ತಿಂಗಳ ನಂತರ ತನ್ನ ಆಲ್ಬಮ್ ಬಿಡಿಸಿ, "ನಂದ್ಯಾಕ ಹಂಗ ಬಂದಿಲ್ಲ?" ಅನ್ನುತ್ತಾಳೆ. ತಪ್ಪು ತನ್ನ ಮುಖದ್ದು ಅಂದುಕೊಳ್ಳುತ್ತಾಳೆ. ಕ್ಷೇತ್ರಕಾರ್ಯದಲ್ಲಿ ಈ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದೆನೋ ಲೆಕ್ಕ ಇಟ್ಟಿಲ್ಲ.

ಮಾದರಿ ಆಲ್ಬಮ್ಮುಗಳ ಕಥೆಯೂ ಇದೇ. 12 ಇಂಚು ಎತ್ತರ, ಬಿಡಿಸಿದರೆ 36 ಇಂಚು ಅಗಲದ ಆ ಭಾರದ ಪುಸ್ತಕದಲ್ಲಿ ಮೂವತ್ತು ಮದುವೆಗಳಿಂದ ಆಯ್ದ ಮೂವತ್ತು ಚಿತ್ರಗಳಿರುತ್ತವೆ. ಮೂವತ್ತು ಮದುವೆಗಳಲ್ಲಿ ಒಂದೊಂದು ಒಳ್ಳೆಯ ಫೋಟೋ ಯಾರಿಗಾದರೂ ಸಿಕ್ಕೇ ಸಿಗುತ್ತದೆ. ಗಿರಾಕಿ ನೋಡಬೇಕಾದ್ದು ಒಂದೇ ಮದುವೆಯನ್ನು, ಅರಿಷಿಣದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ. ಕರೆಂಟು ಹೋದಾಗ ಇವನು ಏನು ಮಾಡಿದ? ಹುಗ್ಗಿ ಬಡಿಸುತ್ತಿದ್ದವರನ್ನು ನೋಡಿದನೋ ಇಲ್ಲವೋ? ಗುಂಪುಚಿತ್ರದಲ್ಲಿ ಕೊನೆಗೆ ನಿಂತ ವಿಧವೆ ಅತ್ತೆಯನ್ನು ಚೌಕಟ್ಟಿನಿಂದ ಹೊರಗಿಟ್ಟನೋ? ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1965ರಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದ ಛಾಯಾಗ್ರಹಣದ ಅಧ್ಯಯನದಲ್ಲಿ ತನ್ನ ಸೀಮೆಯ ರೈತರ ಮದುವೆಯ ಫೋಟೋಗಳನ್ನು ಸಂಬಂಧಗಳ ನಕ್ಷೆಯಂತೆ ಓದಿದ. ಯಾರು ಯಾರ ಪಕ್ಕ ನಿಂತರು, ಯಾರು ಬಂದಿದ್ದರು ಎಂಬುದೇ ಅಲ್ಲಿ ಮುಖ್ಯ. ನಮ್ಮ ಅಜ್ಜಿಯರು ಆಲ್ಬಮ್ ನೋಡುವುದೂ ಹಾಗೆಯೇ. ಅವರಿಗೆ ಮದುಮಕ್ಕಳ ಪುಟ ಬೇಗ ಮುಗಿಯುತ್ತದೆ, ಬೀಗರ ಪುಟದಲ್ಲಿ ಅರ್ಧ ತಾಸು.

ಇನ್ನು ಕಾನೂನಿನ ಮಾತು. ಇದನ್ನು ಹೇಳಿದರೆ ಸ್ಟುಡಿಯೋದವರು ನಗುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದೇ. ಕ್ಯಾಮೆರಾ ಹಿಡಿದವನದ್ದಲ್ಲ. ಹಾಗಿದ್ದ ಮೇಲೆ ಮೇಳದ ಗೋಡೆಗಳಲ್ಲಿ, ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ತೂಗುತ್ತಿರುವ ನಮ್ಮ ಹುಡುಗಿಯರ ಚಿತ್ರಗಳಲ್ಲಿ ಎಷ್ಟನ್ನು ಕೇಳಿ ಹಾಕಿದ್ದಾರೆ? ನನ್ನ ಗೆಳತಿಯೊಬ್ಬಳು ಮದುವೆಯಾಗಿ ಎರಡು ವರ್ಷಕ್ಕೆ ತವರಿಗೆ ವಾಪಸಾದಳು. ಅವಳ ಮುಖ ಮಾತ್ರ ಒಂದು ಸ್ಟುಡಿಯೋದ ಬೋರ್ಡಿನ ಮೇಲೆ, ಆ ಗಂಡಿನ ಹೆಗಲಿಗೆ ಒರಗಿಕೊಂಡು, ಇನ್ನೂ ನಗುತ್ತಿತ್ತು. ತೆಗೆಸಲು ಹೋದ ಅವಳ ತಂದೆಗೆ ಸಿಕ್ಕ ಉತ್ತರ: "ಬೋರ್ಡಿಗೆ ರೊಕ್ಕಾ ಖರ್ಚಾಗೇತ್ರಿ ಕಾಕಾ."

ಕಾನೂನೂ ಪೂರ್ತಿ ಹುಡುಗಿಯ ಕಡೆಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಸೀದಿ ಇರುವುದು ಅಪ್ಪನ ಹೆಸರಲ್ಲಿ, ಇಲ್ಲವೇ ಗಂಡಿನ ಕಡೆಯ ಹಿರಿಯರ ಹೆಸರಲ್ಲಿ. ಕಲಮು ನೋಡುವುದು ತೆಗೆಸಿದವರನ್ನು, ಮುಖ ಯಾರದ್ದು ಅಂತ ಅಲ್ಲ. ಅದಕ್ಕೇ ಬುಕಿಂಗ್ ಫಾರ್ಮಿನಲ್ಲಿ ಒಂದು ಸಾಲು ಬೇಕು, ಕನ್ನಡದಲ್ಲೂ ಮರಾಠಿಯಲ್ಲೂ: ನನ್ನ ಚಿತ್ರವನ್ನು ಜಾಹೀರಾತಿಗೆ ಬಳಸಬಹುದು, ಬಳಸಬಾರದು. ಕೆಳಗೆ ಮದುಮಗಳ ಸ್ವಂತ ಸಹಿ. ಮುಂದೆ ಯಾವಾಗ ಬೇಡವೆಂದರೂ ತೆಗೆಯುತ್ತೇವೆ ಎಂಬ ಮಾತೂ ಅಲ್ಲೇ ಇರಲಿ.

ಬಣ್ಣದ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿಯ 'ಶರ್ಲಿ ಕಾರ್ಡ್' ಅಂತ ಇತ್ತು. ಬಿಳಿಯ ಹೆಣ್ಣೊಬ್ಬಳ ಚಿತ್ರ ಇಟ್ಟುಕೊಂಡು ಪ್ರಿಂಟಿನ ಬಣ್ಣ ಹೊಂದಿಸುತ್ತಿದ್ದರು. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲ ಸರಿ. ಆ ಕಾರ್ಡು ಹೋಯಿತು, ಬುದ್ಧಿ ಹೋಗಲಿಲ್ಲ. 2020ರಲ್ಲಿ ಮದುವೆ ಜಾಲತಾಣವೊಂದು ಮೈಬಣ್ಣದ ಆಯ್ಕೆಯನ್ನು ತೆಗೆದುಹಾಕಿತು, 'ಫೇರ್ ಅಂಡ್ ಲವ್ಲಿ' ಹೆಸರು ಬದಲಿಸಿಕೊಂಡಿತು. ನಮ್ಮ ಎಡಿಟಿಂಗ್ ಕೋಣೆಗಳಿಗೆ ಆ ಸುದ್ದಿ ಮುಟ್ಟಿಲ್ಲ. ಅರಿಷಿಣದ ಫೋಟೋಗಳನ್ನೇ ನೋಡಿ. ಮೈತುಂಬ ಅರಿಷಿಣ ಬಳಿದುಕೊಂಡ ಹುಡುಗಿಯ ಹಳದಿಯನ್ನು ಸಾಫ್ಟ್‌ವೇರು ಬೆಳಕಿನ ದೋಷ ಅಂದುಕೊಂಡು ತಿದ್ದಿಬಿಡುತ್ತದೆ, ಉಳಿದ ಕಪ್ಪನ್ನು ಎಡಿಟರ್ ತೊಳೆಯುತ್ತಾನೆ. ಯಾವ ಕಾರ್ಯಕ್ಕಾಗಿ ಅವಳನ್ನು ಕೂರಿಸಿದ್ದರೋ ಅದೇ ಮಾಯ.

ಫೋಟೋಗ್ರಾಫರುಗಳ ಕಡೆಯ ವಾದ ನನಗೆ ಗೊತ್ತು, ಹಗುರವಾದದ್ದೂ ಅಲ್ಲ. ಜನ ಕನಸು ಕೇಳುತ್ತಾರೆ, ನಾವು ಕೊಡುತ್ತೇವೆ. ಕ್ರಿಸ್ಟೋಫರ್ ಪಿನ್ನಿ ಎಂಬ ಮಾನವಶಾಸ್ತ್ರಜ್ಞ ಮಧ್ಯಪ್ರದೇಶದ ನಾಗದಾದ ಸ್ಟುಡಿಯೋಗಳನ್ನು ನೋಡಿ 1997ರಲ್ಲಿ 'ಕ್ಯಾಮೆರಾ ಇಂಡಿಕಾ' ಬರೆದ. ಬಣ್ಣದ ಪರದೆ, ಎರವಲು ಕೋಟು, ಒಂದೇ ಮುಖದ ಎರಡು ಚಿತ್ರ: ತಾವಿದ್ದಂತೆ ಕಾಣುವುದಕ್ಕಿಂತ ತಾವು ಏನಾಗಬಹುದೋ ಅದನ್ನು ನೋಡಲು ಜನ ಬರುತ್ತಿದ್ದರು. ನಮ್ಮ ಕಡೆಯ ಜಾತ್ರೆಯಲ್ಲೂ ಬಣ್ಣದ ಪರದೆಯ ಮುಂದೆ, ರಟ್ಟಿನ ಮೋಟಾರಿನಲ್ಲಿ ಕೂತು ತೆಗೆಸಿಕೊಂಡವರಿದ್ದಾರೆ. ನನಗೆ ಆ ಫೋಟೋಗಳೆಂದರೆ ಪ್ರೀತಿ. ಯಾಕೆಂದರೆ ರಟ್ಟಿನ ಮೋಟಾರು ರಟ್ಟಿನದೆಂದು ಕೂತವನಿಗೂ ಗೊತ್ತು, ನೋಡುವವನಿಗೂ ಗೊತ್ತು. ಆಟದ ಖುಷಿ ಕೂತವನದ್ದು. ಮೇಳದ ಮಳಿಗೆಯ ಕೋಟೆಯಲ್ಲಿ ಕೂತವಳು ಬೇರೆ ಯಾರೋ. ನಮ್ಮ ಹುಡುಗಿ ಹೊರಗೆ ನಿಂತು ಅದಕ್ಕೆ ದುಡ್ಡು ಕಟ್ಟುತ್ತಾಳೆ. ಪ್ರಿ-ವೆಡ್ಡಿಂಗಿಗೆ ಅಂತ ದೂರ ಹೋಗಿ, ಬಾಡಿಗೆ ಗೌನು ಹಾಕಿಕೊಂಡು ಬಂದವರನ್ನು ನಾನು ಆಡಿಕೊಳ್ಳುತ್ತಿಲ್ಲ. ಅದಕ್ಕಾಗಿ ಹುಡುಗಿಯ ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿದ್ದನ್ನು ಮಳಿಗೆಯವರು ಜನರ ಬಯಕೆ ಎಂದು ಕರೆಯುವುದನ್ನು ಒಪ್ಪುವುದಿಲ್ಲ. ಬೇರೆಯದನ್ನು ಯಾರೂ ತೋರಿಸದೇ ಇರುವ ಕಡೆ ಬಯಕೆ ಇಂಥದ್ದೇ ಅಂತ ಹೇಗೆ ಗೊತ್ತಾಯಿತು?

ಮಳಿಗೆಯಲ್ಲಿ ಇನ್ನೊಂದು ವಸ್ತು ಇರಲಿ ಅಂತ ನನ್ನ ಹಟ: ಸಾದಾ ಕಾಗದದ ಪ್ರಿಂಟು, ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯಲು ಬರುವಂಥದ್ದು. ಮಳೆಗಾಲ ಜೋರಾದರೆ ನಮ್ಮ ಕಲ್ಲೋಳ-ಯಡೂರು ಸೇತುವೆ ಮುಳುಗುತ್ತದೆ. 2019ರ ಆಗಸ್ಟಿನಲ್ಲಿ ನೀರು ಮನೆಗಳಿಗೇ ಬಂತು. ಇಳಿದ ಮೇಲೆ ಅಂಟಿಸಿದ ದಪ್ಪ ಹಾಳೆಯ ಆಲ್ಬಮ್ಮುಗಳು ಇಟ್ಟಿಗೆಯಂತೆ ಒಂದಾಗಿದ್ದವು. ಬಿಡಿ ಪ್ರಿಂಟುಗಳನ್ನು ಒಣಗುವ ಮುಂಚೆಯೇ ಒಂದೊಂದಾಗಿ ಬಿಡಿಸಿ, ಶುದ್ಧ ನೀರಿನಲ್ಲಿ ಆಡಿಸಿ, ಮುಖ ಮೇಲೆ ಮಾಡಿ ಹರಡಿದವರ ಮನೆಯಲ್ಲಿ ಅಜ್ಜನ ಮದುವೆ ಇನ್ನೂ ಇದೆ. ಪೆನ್‌ಡ್ರೈವ್ ಎಲ್ಲಿ ಹೋಯಿತೋ ಯಾರಿಗೂ ನೆನಪಿಲ್ಲ.

ತಮ್ಮ ಅರ್ಧ ಒಪ್ಪಿದ್ದಾನೆ. ಒಂದೇ ಮದುವೆಯ ಆಲ್ಬಮ್ ಇಡುತ್ತಾನಂತೆ, ಫಾರ್ಮೂ ಅಚ್ಚಾಗಿದೆ, ಬಿಡಿ ಪ್ರಿಂಟುಗಳ ಪೆಟ್ಟಿಗೆಯೂ ಬರುತ್ತದೆ. ದರಪಟ್ಟಿ ಗೋಡೆಗೆ ಬೇಡ, ಪಕ್ಕದ ಮಳಿಗೆಯವರು ಓದುತ್ತಾರೆ ಅಂದ. ಇರಲಿ, ಅದು ಅವನ ವ್ಯಾಪಾರ. ಗುಗ್ಗುಳದ ಚಿತ್ರಕ್ಕೆ ಆ ಹುಡುಗಿಯನ್ನು ನಾನೇ ಫೋನಿನಲ್ಲಿ ಕೇಳಿದೆ. "ಹಾಕ್ರಿ ಅಕ್ಕಾರ, ನನಗೂ ಅದ ಭಾಳ ಸೇರೇತಿ," ಅಂದಳು, ಫಾರ್ಮಿಗೆ ಸಹಿಯನ್ನೂ ಮಾಡಿ ಕಳಿಸಿದಳು. ಈಗ ತಮ್ಮ, ಅವಳ ಅತ್ತಿ-ಮಾವನನ್ನೂ ಒಂದು ಮಾತು ಕೇಳಬೇಕು ಅನ್ನುತ್ತಿದ್ದಾನೆ. ಮುಖ ಅವಳದ್ದು, ಸಹಿ ಅವಳದ್ದು, ಮತ್ತ್ಯಾರನ್ನೂ ಕೇಳುವುದು ಬೇಡ ಅಂತ ನಾನು. ಪ್ರಿಂಟಿಗೆ ಕೊಡಲು ಇನ್ನು ನಾಲ್ಕು ದಿನ ಇದೆ.